ಕೂಮರಿನ್ ಮತ್ತು ಕ್ಯಾನ್ಸರ್: ನಮ್ಮ ತುಮಕೂರು ಕಡೆಯವರು ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಕೆಮಿಸ್ಟ್ರಿ ಪಾಠ ಮಾಡೋನು, ಡಾಕ್ಟರ್ ಅಲ್ಲ. ಆದ್ರೂ ನೆಂಟರಿಷ್ಟರಲ್ಲಿ ಯಾರಿಗಾದ್ರೂ ಕ್ಯಾನ್ಸರ್ ಅಂತ ಗೊತ್ತಾದ ತಕ್ಷಣ "ಇದು ನಿಜಾನಾ ಸ್ವಲ್ಪ ನೋಡಿ ಹೇಳಿ ಸಾರ್" ಅಂತ ಫಾರ್ವರ್ಡ್‌ಗಳು ನನ್ನ ಫೋನಿಗೆ ಬರುತ್ತೆ, ಅದ್ರಲ್ಲಿ ಈಚೆಗೆ ಕೂಮರಿನ್ ಅನ್ನೋದ್ರಿಂದ ಕ್ಯಾನ್ಸರ್ ಹೋಗುತ್ತೆ ಅನ್ನೋವೇ ಜಾಸ್ತಿ. ಒಬ್ಬೊಬ್ಬರಿಗೂ ಟೈಪ್ ಮಾಡೋ ಬದ್ಲು ಎಲ್ಲಾ ಒಂದೇ ಕಡೆ ಬರ್ದಿದೀನಿ.

ಕೂಮರಿನ್ ಅಂದ್ರೆ ಏನು ಸಾರ್? ಔಷಧಿನಾ?

ಅಲ್ಲ. ಅದೊಂದು ಪುಟ್ಟ ಅಣು. 9 ಕಾರ್ಬನ್, 6 ಹೈಡ್ರೋಜನ್, 2 ಆಕ್ಸಿಜನ್, ಒಂದು ಬೆಂಜೀನ್ ಉಂಗುರ, ಅದರ ಪಕ್ಕಕ್ಕೆ ಅಂಟ್ಕೊಂಡಿರೋ ಆಕ್ಸಿಜನ್ ಇರೋ ಇನ್ನೊಂದು ಉಂಗುರ, ಇಷ್ಟೆ. 1820ರಲ್ಲಿ ಟೋಂಕಾ ಅನ್ನೋ ದಕ್ಷಿಣ ಅಮೆರಿಕದ ಮರದ ಬೀಜದಿಂದ ಇದನ್ನ ಬೇರೆ ಮಾಡಿ ತೆಗೆದ್ರು, 1868ರಲ್ಲಿ ವಿಲಿಯಂ ಪರ್ಕಿನ್ ಲ್ಯಾಬಲ್ಲೇ ತಯಾರಿಸಿ ತೋರಿಸಿದ, ಆಮೇಲೆ ಸೆಂಟ್ ಮಾಡೋ ಕಂಪನಿಗಳು ಬಿಡ್ಲಿಲ್ಲ, ಯಾಕಂದ್ರೆ ಹೊಸದಾಗಿ ಕುಯ್ದು ಒಣಗಿಸಿದ ಹುಲ್ಲಿನ ವಾಸನೆ ಇದೆಯಲ್ಲ, ಅದಕ್ಕೆ ಒಂಚೂರು ವೆನಿಲ್ಲಾ ಸೇರಿಸಿದಂಗೆ ಘಮ್ಮಂತ ಇರುತ್ತೆ.

ಮುಖ್ಯ ವಿಷಯ ಏನಂದ್ರೆ ಈ ಎರಡು ಉಂಗುರ ಬರೀ ಟ್ರ್ಯಾಕ್ಟರ್ ಇಂಜಿನ್ ಇದ್ದಂಗೆ, ಹಿಂದೆ ನೇಗಿಲು ಕಟ್ತೀರೋ, ನೀರಿನ ಟ್ಯಾಂಕರ್ ಕಟ್ತೀರೋ, ಮರಳು ತುಂಬೋ ಟ್ರೇಲರ್ ಕಟ್ತೀರೋ ಅನ್ನೋದರ ಮೇಲೆ ಕೆಲಸ. ಒಂದು ಜಾಗದಲ್ಲಿ ಒಂದು ಗುಂಪು ಸೇರಿಸಿದ್ರೆ ಇಲಿ ಪಾಷಾಣ, ಇನ್ನೊಂದು ಥರ ಸೇರಿಸಿದ್ರೆ ಚರ್ಮದ ಔಷಧಿ, ಇನ್ನೊಂದು ಥರ ಆದ್ರೆ ಲಿವರ್ ಕ್ಯಾನ್ಸರನ್ನೇ ತರೋ ವಿಷ. ಹಾಗಾಗಿ "ಕೂಮರಿನ್ ಒಳ್ಳೇದಾ ಕೆಟ್ಟದ್ದಾ" ಅಂತ ಕೇಳಿದ್ರೆ ನನ್ನತ್ರ ಉತ್ತರ ಇಲ್ಲ. ಯಾವ ಕೂಮರಿನ್ ಅಂತ ಕೇಳಿ, ಹೇಳ್ತೀನಿ.

ಇಲಿ ಪಾಷಾಣದಲ್ಲಿ ಇರೋದೂ ಇದೇನಾ?

ಅದೇ ಕುಟುಂಬ. ಗೊಬ್ಬರದ ಅಂಗಡೀಲಿ ಸಿಗೋ ಬ್ರೋಮಾಡಿಯೋಲೋನ್ ಬಿಲ್ಲೆ ಇದೆಯಲ್ಲ, ಅದು 4-ಹೈಡ್ರಾಕ್ಸಿ ಕೂಮರಿನ್ ಜಾತಿಯದು. ಇದರ ಕಥೆ ಚೆನ್ನಾಗಿದೆ, ಕೇಳಿ. 1920ರ ಆಸುಪಾಸಲ್ಲಿ ಅಮೆರಿಕ, ಕೆನಡಾ ಕಡೆ ದನಗಳು ಸುಮ್ ಸುಮ್ನೆ ರಕ್ತ ಸುರಿದು ಸಾಯ್ತಿದ್ವು, ಕೊಂಬು ತೆಗೆದ್ರೆ, ಬೀಜ ಒಡೆದ್ರೆ ರಕ್ತ ನಿಲ್ತಾನೇ ಇರ್ಲಿಲ್ಲ. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಅನ್ನೋ ಮೇವು ತಿಂದಿದ್ದೇ ಕಾರಣ ಅಂತ ಗೊತ್ತಾಯ್ತು. 1933ರಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೈತ ಸತ್ತ ಕಡಸನ್ನೂ, ಹಾಲಿನ ಕ್ಯಾನ್ ತುಂಬಾ ಹೆಪ್ಪುಗಟ್ಟದ ರಕ್ತನೂ ಗಾಡೀಲಿ ಹಾಕ್ಕೊಂಡು ಹಿಮ ಬೀಳ್ತಿರೋವಾಗ ಕಾರ್ಲ್ ಲಿಂಕ್ ಅನ್ನೋ ಕೆಮಿಸ್ಟ್ ಹತ್ರ ಬಂದ. ಆರೇಳು ವರ್ಷ ಒದ್ದಾಡಿ ಲಿಂಕ್ ಕಡೆಯವರು ಅದರಿಂದ ಡೈಕೂಮರಾಲ್ ಹೊರಗೆ ತೆಗೆದ್ರು, ಮೇವಲ್ಲಿದ್ದ ಸಾಧು ಕೂಮರಿನ್ನನ್ನ ಬೂಷ್ಟು ಈ ವಿಷ ಮಾಡಿತ್ತು. ಅದರ ತಮ್ಮನೇ ವಾರ್ಫರಿನ್, 1948ರಲ್ಲಿ ಇಲಿ ಔಷಧಿಯಾಗಿ ಬಂತು, 1954ರಲ್ಲಿ ರಕ್ತ ಹೆಪ್ಪುಗಟ್ಟದಂಗೆ ಮನುಷ್ಯರಿಗೇ ಕೊಡೋಕೆ ಒಪ್ಪಿಗೆ ಸಿಕ್ತು, ಮಾರನೇ ವರ್ಷ ಹೃದಯಾಘಾತ ಆದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೂ ಕೊಟ್ರು.



ಒಂದು ಮಾತು ಮಾತ್ರ ಸೀರಿಯಸ್ಸಾಗಿ. ಮಗು ಏನಾದ್ರೂ ಇಲಿ ಬಿಲ್ಲೆ ಬಾಯಿಗೆ ಹಾಕ್ಕೊಂಡ್ರೆ "ಚೆನ್ನಾಗೇ ಆಟ ಆಡ್ತಿದೆ" ಅಂತ ಮನೇಲಿ ಇಟ್ಕೋಬೇಡಿ. ಈ ವಿಷ ಕೆಲಸ ತೋರ್ಸೋದು ಒಂದೆರಡು ದಿನ ಆದ್ಮೇಲೆ. ಕವರ್ ಸಮೇತ ಆಸ್ಪತ್ರೆಗೆ ಹೋಗಿ, ಇದಕ್ಕೆ ವಿಟಮಿನ್ ಕೆ1 ಅಂತ ಮದ್ದಿದೆ.

ಹಾಗಾದ್ರೆ ಕೂಮರಿನ್ ಅಂದ್ರೆಲ್ಲಾ ರಕ್ತ ತೆಳು ಮಾಡುತ್ತಾ?

ಇಲ್ಲ. ಈ ಗೊಂದಲ ಮೆಡಿಕಲ್ ಶಾಪಲ್ಲಿ ಕೂತಿರೋರಿಗೂ ಇರುತ್ತೆ. ರಕ್ತ ಹೆಪ್ಪುಗಟ್ಟೋದನ್ನ ತಡೆಯೋಕೆ 4ನೇ ಜಾಗದಲ್ಲಿ ಹೈಡ್ರಾಕ್ಸಿ, 3ನೇ ಜಾಗದಲ್ಲಿ ಒಂದು ದಪ್ಪ ಗುಂಪು ಬೇಕು. ಬರೀ ಕೂಮರಿನ್‌ಗೆ ಅದಿಲ್ಲ.

ಕ್ಯಾನ್ಸರ್‌ಗೆ ಕೂಮರಿನ್ ಕೊಟ್ಟು ನೋಡಿದ್ದಾರಾ? ಮನುಷ್ಯರಿಗೆ?

ನೋಡಿದ್ದಾರೆ. 1980ರ ದಶಕದಲ್ಲಿ ಕಿಡ್ನಿ ಕ್ಯಾನ್ಸರ್ ರೋಗಿಗಳಿಗೆ ಬರೀ ಕೂಮರಿನ್ ಮಾತ್ರೆ, ಜೊತೆಗೆ ಗ್ಯಾಸ್ಟ್ರಿಕ್‌ಗೆ ಕೊಡೋ ಸಿಮೆಟಿಡಿನ್ ಕೊಟ್ಟು ನೋಡಿದ್ರು, ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್‌ಗೂ ನೋಡಿದ್ರು. ಮೊದಲ ಚಿಕ್ಕ ಟ್ರಯಲ್‌ಗಳಲ್ಲಿ ಕೆಲವರ ಗಡ್ಡೆ ಕುಗ್ಗಿತು, ಎಲ್ಲರಿಗೂ ಆಸೆ ಬಂತು, ಬೇರೆಯವರು ಅದೇ ಮಾಡಿ ನೋಡಿದಾಗ ಆ ಫಲ ನಿಲ್ಲಲಿಲ್ಲ. ಫಾರ್ವರ್ಡ್‌ಗಳಲ್ಲಿ ಬರೋದು ಯಾವಾಗ್ಲೂ ಕಥೆಯ ಮೊದಲರ್ಧ ಮಾತ್ರ.

ಇನ್ನೊಂದು, ಸ್ತನ ಕ್ಯಾನ್ಸರ್ ಆಪರೇಷನ್ ಆದ್ಮೇಲೆ ಕೆಲವು ಹೆಂಗಸರಿಗೆ ಕೈ ಊದ್ಕೊಳ್ಳುತ್ತಲ್ಲ, ಅದಕ್ಕೂ ಕೂಮರಿನ್ ಕೊಡ್ತಿದ್ರು. 1999ರಲ್ಲಿ ಅಮೆರಿಕದಲ್ಲಿ 140 ಹೆಂಗಸರ ಮೇಲೆ ಸರಿಯಾಗಿ ಪರೀಕ್ಷೆ ಮಾಡಿದಾಗ ಊತಕ್ಕೆ ಏನೂ ಉಪಯೋಗ ಆಗ್ಲಿಲ್ಲ, ಆದ್ರೆ ನೂರಕ್ಕೆ 6 ಜನಕ್ಕೆ ಲಿವರ್‌ಗೆ ಪೆಟ್ಟು ಬಿದ್ದಿರೋದು ರಕ್ತ ಪರೀಕ್ಷೇಲಿ ಕಾಣಿಸ್ತು. ಆಸ್ಟ್ರೇಲಿಯಾದಲ್ಲಿ ಆ ಮಾತ್ರೆಯನ್ನ ಲಿವರ್ ತೊಂದ್ರೆಗೇ 1996ರಲ್ಲಿ ವಾಪಸ್ ತಗೊಂಡಿದ್ರು. ಅಂದ್ರೆ ಬರೀ ಕೂಮರಿನ್ ಕಥೆ ಅಲ್ಲಿಗೆ ಮುಗೀತು ಅಂತ್ಲೇ ಹೇಳ್ಬೋದು. ಮುಗೀದೆ ಇರೋದು ಅದರಿಂದ ಕಟ್ಟಿದ ಬೇರೆ ಅಣುಗಳದ್ದು.

ಹಾಗೆ ಕಟ್ಟಿದ್ದು ಒಂದಾದ್ರೂ ನಿಜವಾದ ಕ್ಯಾನ್ಸರ್ ಔಷಧಿ ಆಗಿದ್ಯಾ?

ಆಗಿದೆ, ಅದೂ ತೀರಾ ಈಚೆಗೆ. ಅವುಟೊಮೆಟಿನಿಬ್ ಅಂತ. ಜಪಾನಿನ ಚುಗಾಯ್ ಕಂಪನಿಯಲ್ಲಿ ಹುಟ್ಟಿದ ಅಣು, ನಡುವೆ ಇರೋದು ಅಪ್ಪಟ ಕೂಮರಿನ್ ಉಂಗುರ. 2025ರ ಮೇ 8ರಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನ ಡಿಫ್ಯಾಕ್ಟಿನಿಬ್ ಅನ್ನೋ ಇನ್ನೊಂದು ಮಾತ್ರೆ ಜೊತೆ ಸೇರಿಸಿ ಒಪ್ತು. ಯಾರಿಗೆ? ಅಂಡಾಶಯದ ಕ್ಯಾನ್ಸರ್‌ನಲ್ಲೇ ನಿಧಾನವಾಗಿ ಬೆಳೆಯೋ ಲೋ-ಗ್ರೇಡ್ ಸೀರಸ್ ಅಂತ ಒಂದು ಜಾತಿ ಇದೆ, ಅದು ಒಂದ್ಸಲ ಔಷಧಿ ಆಗಿ ಮತ್ತೆ ಬಂದಿರ್ಬೇಕು, ಜೊತೆಗೆ ಗಡ್ಡೆಯಲ್ಲಿ ಕೆ-ರಾಸ್ ಅನ್ನೋ ಜೀನ್ ಕೆಟ್ಟಿರ್ಬೇಕು, ಅಂಥವರಿಗೆ ಮಾತ್ರ. ಟ್ರಯಲ್‌ನಲ್ಲಿ ಅಂಥ 57 ಜನರಲ್ಲಿ ನೂರಕ್ಕೆ 44ರಷ್ಟು ಜನರ ಗಡ್ಡೆ ಗಣನೀಯವಾಗಿ ಕುಗ್ಗಿತು. ಕೀಮೋಗೆ ಅಷ್ಟಾಗಿ ಬಗ್ಗದ ಕಾಯಿಲೆ ಇದು, ಅದಕ್ಕೇ ಈ ಸಂಖ್ಯೆಗೆ ಬೆಲೆ. ಆದ್ರೂ ಇದು ಆತುರದ ಒಪ್ಪಿಗೆ, ಅಂದ್ರೆ ಮುಂದಿನ ದೊಡ್ಡ ಟ್ರಯಲ್‌ನಲ್ಲಿ ರುಜುವಾತು ಮಾಡ್ಲೇಬೇಕು.

ಡೋಸ್ ನೋಡಿ ತಮಾಷೆ: 3.2 ಮಿಲಿಗ್ರಾಂ, ವಾರಕ್ಕೆ ಎರಡೇ ಸಲ, ಮೂರು ವಾರ ತಗೊಂಡು ಒಂದು ವಾರ ಬಿಡೋದು. ಅಷ್ಟು ಚೂರಿಗೇ ಕಣ್ಣು, ಚರ್ಮ, ಲಿವರ್, ಮಾಂಸಖಂಡ ಎಲ್ಲಾ ಆಗಾಗ ಚೆಕ್ ಮಾಡಿಸ್ತಿರ್ಬೇಕು. ಕಷಾಯ ಕುದಿಸಿ ಲೋಟಗಟ್ಟಲೆ ಕುಡಿಯೋ ಲೆಕ್ಕಾಚಾರಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ.

ಇದಕ್ಕಿಂತ ಹಳೇದೂ ಒಂದಿದೆ, ಮೆಥಾಕ್ಸಲೆನ್. ಸೋರಲೆನ್ ಜಾತಿ, ಅಂದ್ರೆ ಕೂಮರಿನ್‌ಗೆ ಮೂರನೇ ಉಂಗುರ ಅಂಟಿರುತ್ತೆ. ಚರ್ಮದಲ್ಲಿ ಶುರುವಾಗೋ ಟಿ-ಸೆಲ್ ಲಿಂಫೋಮಾ ಅನ್ನೋ ಕ್ಯಾನ್ಸರ್ ಇರೋರ ರಕ್ತವನ್ನ ಮೆಷಿನ್‌ಗೆ ಹಾಯಿಸಿ, ಬಿಳಿ ರಕ್ತಕಣ ಬೇರೆ ಮಾಡಿ, ಈ ಔಷಧಿ ಬೆರೆಸಿ, ಅಲ್ಟ್ರಾವಯಲೆಟ್ ಬೆಳಕು ತೋರಿಸಿ ಮತ್ತೆ ಮೈಗೆ ಬಿಡ್ತಾರೆ, 1988ರಿಂದ ಎಫ್‌ಡಿಎ ಒಪ್ಪಿಗೆ ಇದೆ. ಅದೇ ಮೆಥಾಕ್ಸಲೆನ್ ತಗೊಂಡು ಮೈಗೆ ಹೆಚ್ಚು ಬೆಳಕು ಕೊಡಿಸ್ಕೊಂಡ್ರೆ ಚರ್ಮದ ಕ್ಯಾನ್ಸರ್ ಬರುತ್ತೆ ಅನ್ನೋದೂ ಸಾಬೀತಾಗಿದೆ. ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಕೊಂಡು ಬಿಸಿಲಿಗೆ ಕೂರೋರು ನಮ್ಮಲ್ಲಿ ಇದ್ದಾರೆ, ಆ ಬೀಜದಲ್ಲಿರೋದೂ ಸೋರಲೆನ್ನೇ, ಗುಳ್ಳೆ ಎದ್ದು ಸುಟ್ಟ ಗಾಯ ಮಾಡ್ಕೊಂಡು ಬರ್ತಾರೆ. ಚರ್ಮದ ಡಾಕ್ಟ್ರನ್ನ ಕೇಳದೆ ಮಾಡ್ಬೇಡಿ.

ಕ್ಯಾನ್ಸರ್ ಸೆಲ್ ಒಳಗೆ ಇದು ಮಾಡೋದಾದ್ರೂ ಏನು?

ಒಂದೇ ಕೆಲಸ ಅಂತಿಲ್ಲ, ಅದಕ್ಕೇ ಕೆಮಿಸ್ಟ್‌ಗಳಿಗೆ ಇದರ ಮೇಲೆ ಅಷ್ಟು ಪ್ರೀತಿ. ಅವುಟೊಮೆಟಿನಿಬ್ ಏನ್ಮಾಡುತ್ತೆ ಅಂದ್ರೆ, ಸೆಲ್‌ಗೆ "ಬೆಳಿ, ಬೆಳಿ" ಅಂತ ಒಬ್ಬರಿಂದ ಒಬ್ಬರಿಗೆ ಸುದ್ದಿ ಮುಟ್ಟಿಸೋ ರಾಫ್, ಮೆಕ್ ಅಂತ ಎರಡು ಪ್ರೋಟೀನ್ ಇದ್ದಾವೆ, ಅವೆರಡನ್ನೂ ಒಟ್ಟಿಗೆ ಹಿಡಿದು ಸುದ್ದಿ ಮುಂದಕ್ಕೆ ಹೋಗದಂಗೆ ಮಾಡುತ್ತೆ.

ನನಗೆ ಇಷ್ಟವಾದ್ದು ಇನ್ನೊಂದು. ಗಡ್ಡೆ ನಡುವೆ ಆಮ್ಲಜನಕ ಕಮ್ಮಿ, ಅಲ್ಲಿ ಸೆಲ್‌ಗಳು ಆಸಿಡ್ ಜಾಸ್ತಿ ಮಾಡ್ತವೆ, ಆ ಆಸಿಡ್‌ನಿಂದ ತಾವೇ ಸಾಯದಂಗೆ ನೋಡ್ಕೊಳ್ಳೋಕೆ ಮೈಮೇಲೆ ಕಾರ್ಬಾನಿಕ್ ಅನ್‌ಹೈಡ್ರೇಸ್ 9 ಅಂತ ಎಂಜೈಮ್ ಇಟ್ಕೊಂಡಿರ್ತವೆ. 2009ರಲ್ಲಿ ಇಟಲಿಯ ಸುಪುರಾನ್ ತಂಡದವರು ಈ ಎಂಜೈಮ್ ಕುಟುಂಬದ ಬಗ್ಗೆ ಏನು ತೋರಿಸಿದ್ರು ಅಂದ್ರೆ, ಎಂಜೈಮ್ ಕೂಮರಿನ್ನನ್ನ ನೀರಿನ ಸಹಾಯದಿಂದ ತಾನೇ ಒಡೆಯುತ್ತೆ, ಆ ಒಡೆದ ಚೂರೇ ಎಂಜೈಮ್‌ನ ಬಾಯಿಗೆ ಅಡ್ಡ ಸಿಕ್ಕಾಕ್ಕೊಂಡು ಕೆಲಸ ನಿಲ್ಲಿಸುತ್ತೆ. ಅಗುಳಿ ಹಾಕೋರು ಹೊರಗಿನವರಲ್ಲ, ಒಳಗಿನವರೇ.

ಬ್ರಿಟನ್ನಿನಲ್ಲಿ ಮಾಡಿದ ಇರೋಸುಸ್ಟಾಟ್ ಅನ್ನೋದು ಮುಟ್ಟು ನಿಂತ ಹೆಂಗಸರಲ್ಲಿ ಈಸ್ಟ್ರೋಜನ್ ತಯಾರಾಗೋ ಒಂದು ದಾರಿ, ಸ್ಟೀರಾಯ್ಡ್ ಸಲ್ಫಟೇಸ್, ಅದನ್ನ ಮುಚ್ಚುತ್ತೆ. ಸ್ತನ ಕ್ಯಾನ್ಸರ್‌ನಲ್ಲಿ ಎರಡನೇ ಹಂತದ ತನಕ ಹೋಯ್ತು, ಗರ್ಭಕೋಶದ ಕ್ಯಾನ್ಸರ್‌ನಲ್ಲಿ ಹಳೇ ಔಷಧಿ ಮೆಜೆಸ್ಟ್ರಾಲ್‌ಗಿಂತ ಮೇಲೇನೂ ಆಗ್ದೆ ಟ್ರಯಲ್ ನಿಂತುಹೋಯ್ತು.

"ಕ್ಯಾನ್ಸರ್ ಸೆಲ್ ಕೊಂದಿದೆ" ಅಂತ ಪೇಪರಲ್ಲಿ ಬಂದಿದೆಯಲ್ಲ, ಮತ್ತೆ ಯಾಕೆ ಔಷಧಿ ಆಗಲ್ಲ?

ಆ ಪರೀಕ್ಷೆ ಹೇಗೆ ಮಾಡ್ತಾರೆ ಅಂತ ಗೊತ್ತಾದ್ರೆ ಈ ಪ್ರಶ್ನೆ ತಾನೇ ಕರಗುತ್ತೆ. ಅಂಗೈ ಅಗಲದ ಪ್ಲಾಸ್ಟಿಕ್ ಪ್ಲೇಟು, ಅದ್ರಲ್ಲಿ 96 ಪುಟ್ಟ ಗುಣಿ. ಒಂದೊಂದರಲ್ಲೂ ಕೆಂಪನೆ ದ್ರವದಲ್ಲಿ ಕೆಲವು ಸಾವಿರ ಕ್ಯಾನ್ಸರ್ ಸೆಲ್, ತಳಕ್ಕೆ ಅಂಟ್ಕೊಂಡಿರ್ತವೆ. ಸಾಮಾನ್ಯವಾಗಿ ಹೀಲಾ, ಅಂದ್ರೆ 1951ರಲ್ಲಿ ಒಬ್ಬ ಹೆಂಗಸಿನ ಗರ್ಭಕಂಠದ ಗಡ್ಡೆಯಿಂದ ತೆಗೆದು ಇವತ್ತಿಗೂ ಬೆಳೆಸ್ತಿರೋದು, ಇಲ್ಲಾಂದ್ರೆ ಎಂಸಿಎಫ್-7 ಅನ್ನೋ ಸ್ತನ ಕ್ಯಾನ್ಸರ್ ಸೆಲ್. ನಿಮ್ಮ ಅಣುವನ್ನ ಡಿಎಂಎಸ್‌ಒ ಅನ್ನೋ ದ್ರಾವಕದಲ್ಲಿ ಕರಗಿಸಿ ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ ಒಂದೆರಡು ದಿನ ಬಿಡೋದು, ಆಮೇಲೆ ಎಂಟಿಟಿ ಅನ್ನೋ ಹಳದಿ ಬಣ್ಣ ಹಾಕೋದು. ಬದುಕಿರೋ ಸೆಲ್ ಅದನ್ನ ನೇರಳೆ ಮಾಡುತ್ತೆ, ಸತ್ತಿದ್ದು ಮಾಡಲ್ಲ. ಪ್ಲೇಟಿನ ಒಂದು ತುದಿ ಕಡು ನೇರಳೆ, ಇನ್ನೊಂದು ತುದಿ ಹಳದಿ, ನೋಡೋಕೇ ಚೆಂದ. ಅರ್ಧ ಬಣ್ಣ ಕಮ್ಮಿ ಆಗೋ ಪ್ರಮಾಣಕ್ಕೆ ಐಸಿ50 ಅಂತಾರೆ. ಪೇಪರಲ್ಲಿ ಬರೋ "ಕೊಂದಿದೆ" ಅನ್ನೋದು ಸಾಮಾನ್ಯವಾಗಿ ಇಷ್ಟೇ.

ಅಲ್ಲಿ ಲಿವರ್ ಇಲ್ಲ, ಕಿಡ್ನಿ ಇಲ್ಲ, ಹೊಟ್ಟೆ ಇಲ್ಲ. ಮೈಯಲ್ಲಿ ಬರೀ ಕೂಮರಿನ್ ಲಿವರ್ ಹತ್ರ ಹೋದ ತಕ್ಷಣ ಬಹುಪಾಲು ಬೇರೆ ಪದಾರ್ಥ ಆಗಿಬಿಡುತ್ತೆ, ಗಡ್ಡೆ ತನಕ ಉಳಿಯೋದೇ ಚೂರು. ಮತ್ತೆ ಆ ಪ್ಲೇಟಲ್ಲಿ ಫಿನಾಯಿಲ್ ಹಾಕಿದ್ರೂ ಸೆಲ್ ಸಾಯುತ್ತೆ ಸ್ವಾಮಿ! ಒಳ್ಳೇ ಸೆಲ್‌ನ ಬಿಟ್ಟು ಕೆಟ್ಟದ್ದನ್ನ ಮಾತ್ರ ಕೊಲ್ಲುತ್ತಾ ಅನ್ನೋದು ಪ್ರಶ್ನೆ. ಅದಾದ್ಮೇಲೆ ಇಲಿ, ಆಮೇಲೆ ಮನುಷ್ಯರಲ್ಲಿ ಮೂರು ಹಂತ, ಅಷ್ಟರಲ್ಲಿ ಹತ್ತು ವರ್ಷಕ್ಕೂ ಮೇಲೆ ಹೋಗಿರುತ್ತೆ.

ಬಿಲ್ವಪತ್ರೆ, ಗರಗದ ಸೊಪ್ಪಲ್ಲಿ ಕೂಮರಿನ್ ಇದೆಯಂತೆ, ಸಿದ್ಧರಬೆಟ್ಟದಿಂದ ತರ್ಸಿದೀವಿ, ಕೊಡ್ಬೋದಾ?

ಇರೋದು ನಿಜ. ಬಿಲ್ವದಲ್ಲಿ ಅಂಬೆಲಿಫೆರೋನ್, ಮಾರ್ಮೆಲೋಸಿನ್ ಇದೆ, ಗರಗದಲ್ಲಿ ವೆಡೆಲೊಲ್ಯಾಕ್ಟೋನ್ ಅಂತ ಕೂಮರಿನ್‌ನ ದೂರದ ನೆಂಟ ಇದೆ, ಎರಡರ ಮೇಲೂ ಲ್ಯಾಬ್ ಕೆಲಸ ನಡೆದಿದೆ. ಆದ್ರೆ ಎಲೆಯಲ್ಲಿ ಎಷ್ಟಿದೆ ಅನ್ನೋದು ಗಿಡ, ಮಣ್ಣು, ಕಾಲ ನೋಡ್ಕೊಂಡು ಬದಲಾಗುತ್ತೆ, ಕ್ಯಾನ್ಸರ್ ವಾಸಿ ಮಾಡುತ್ತೆ ಅಂತ ಮನುಷ್ಯರಲ್ಲಿ ತೋರಿಸಿಲ್ಲ. ದೇವರಿಗೆ ಏರಿಸಿದ ಪತ್ರೆ ಒಂದೆಲೆ ಬಾಯಿಗೆ ಹಾಕ್ಕೊಂಡ್ರೆ ಏನೂ ಆಗಲ್ಲ, ಆದ್ರೆ ಕೀಮೋ ನಡೀತಿರೋವಾಗ ದಿನಾ ಕಷಾಯ ಕೊಟ್ರೆ ಎರಡು ತೊಂದ್ರೆ. ಒಂದು, ಈ ಜಾತಿ ಅಣುಗಳಲ್ಲಿ ಕೆಲವು ಕರುಳು, ಲಿವರ್‌ನಲ್ಲಿ ಔಷಧಿ ಕರಗಿಸೋ ಎಂಜೈಮನ್ನ ತಡೀತವೆ, ಚಕೋತದ ಜಾತಿಯ ಗ್ರೇಪ್‌ಫ್ರೂಟ್ ತಿನ್ಬೇಡಿ ಅಂತ ಕೆಲವು ಮಾತ್ರೆ ಚೀಟಿಯಲ್ಲೇ ಬರ್ದಿರೋದು ಇದಕ್ಕೇ. ಎರಡು, ಲಿವರ್ ಟೆಸ್ಟ್ ಏರಿದ್ರೆ ಕೀಮೋದಿಂದಾನಾ ಕಷಾಯದಿಂದಾನಾ ಅಂತ ಡಾಕ್ಟ್ರಿಗೆ ಗೊತ್ತಾಗಲ್ಲ, ಕೀಮೋನೇ ಮುಂದಕ್ಕೆ ಹಾಕ್ತಾರೆ. ಕೊಡ್ತಿದ್ರೆ ಮುಚ್ಚಿಡ್ಬೇಡಿ. ಬೈದ್ರೆ ಬೈಸ್ಕೊಳ್ಳಿ.

ರಕ್ತ ತೆಳು ಮಾಡೋ ವಾರ್ಫರಿನ್, ಅಸಿಟ್ರಾಂ ತಗೊಳ್ತಿರೋರು ಅಂತೂ ಯಾವ ಸೊಪ್ಪು ಬೇರು ಶುರು ಮಾಡೋ ಮುಂಚೆನೂ ಹೇಳ್ಲೇಬೇಕು, ಕ್ಯಾಪೆಸಿಟಾಬಿನ್ ಅನ್ನೋ ಕೀಮೋ ಮಾತ್ರೆ ಜೊತೆಗೆ ವಾರ್ಫರಿನ್ ಇದ್ರೆ ಐಎನ್‌ಆರ್, ಅಂದ್ರೆ ರಕ್ತ ಎಷ್ಟು ತೆಳು ಆಗಿದೆ ಅಂತ ತೋರ್ಸೋ ಟೆಸ್ಟ್, ಸಿಕ್ಕಾಪಟ್ಟೆ ಏರ್ಬೋದು.

ಅಡುಗೆ ಚಕ್ಕೆಯಲ್ಲಿ ಕೂಮರಿನ್ ಇದೆ ಅಂತಾರೆ, ದಿನಾ ಚಕ್ಕೆ ಪುಡಿ ನೀರು ಕುಡಿದ್ರೆ ಒಳ್ಳೇದಲ್ವಾ?

ಪಲಾವ್‌ಗೆ, ಸಾರಿನ ಪುಡಿಗೆ ಹಾಕೋ ಚಕ್ಕೆ ಬಗ್ಗೆ ತಲೆ ಕೆಡಿಸ್ಕೋಬೇಡಿ. ತಲೆ ಕೆಡಿಸ್ಕೋಬೇಕಾದ್ದು ಬೆಳಿಗ್ಗೆ ಬರೀ ಹೊಟ್ಟೆಗೆ ಚಮಚಗಟ್ಟಲೆ ಪುಡಿ ನುಂಗೋ ಅಭ್ಯಾಸದ ಬಗ್ಗೆ. ಅಂಗಡೀಲಿ ಸಿಗೋ ದಪ್ಪ ತೊಗಟೆ ಬಹುತೇಕ ಕ್ಯಾಸಿಯಾ, ಅದ್ರಲ್ಲಿ ಕಿಲೋಗೆ ಸರಾಸರಿ 3 ಗ್ರಾಂ ಕೂಮರಿನ್. ಪದರ ಪದರವಾಗಿ ತೆಳ್ಳಗಿರೋ ಸಿಲೋನ್ ಚಕ್ಕೆಯಲ್ಲಿ ಲೆಕ್ಕಕ್ಕಿಲ್ಲ. ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ ಪ್ರಕಾರ ದಿನಕ್ಕೆ ಮೈತೂಕದ ಒಂದೊಂದು ಕಿಲೋಗೆ 0.1 ಮಿಲಿಗ್ರಾಂ ತನಕ ಆಗ್ಬೋದು. 60 ಕಿಲೋ ಇರೋರಿಗೆ 6 ಮಿಲಿಗ್ರಾಂ, ಅಂದ್ರೆ 2 ಗ್ರಾಂ ಕ್ಯಾಸಿಯಾ ಪುಡಿ, ಒಂದು ಟೀ ಚಮಚಕ್ಕಿಂತ ಕಮ್ಮಿ. ದಿನಾ ಅದನ್ನ ದಾಟಿದ್ರೆ ಕೆಲವರ ಲಿವರ್ ತಡ್ಕೊಳ್ಳಲ್ಲ, ಲಿವರ್ ಈಗ್ಲೇ ಸೋತಿರೋ ರೋಗಿಗೆ ಇದು ಬೇಕಾ?

ಕೂಮರಿನ್‌ನಿಂದ ಕ್ಯಾನ್ಸರ್ ಬರುತ್ತೆ ಅಂತ ಒಬ್ಬರು, ಹೋಗುತ್ತೆ ಅಂತ ಒಬ್ಬರು. ಯಾರ ಮಾತು ನಂಬೋದು?

ಈ ಪ್ರಶ್ನೆ ಕೇಳಿದ್ದು ಪಾವಗಡ ಕಡೆಯ ಕಡಲೆಕಾಯಿ ಬೆಳೆಯೋ ಮನೆಯ ಹುಡುಗ, ಹಾಗಾಗಿ ಉತ್ತರ ಅವನ ಹೊಲದಲ್ಲೇ ಇದೆ. ಅಫ್ಲಟಾಕ್ಸಿನ್ ಬಿ1 ಅನ್ನೋ ಬೂಷ್ಟಿನ ವಿಷದ ಅಣು ಬರ್ದು ನೋಡಿ, ನಡುವೆ ಕೂಮರಿನ್ ಉಂಗುರ ಕೂತಿದೆ. ಲಿವರ್ ಕ್ಯಾನ್ಸರ್ ತರೋದ್ರಲ್ಲಿ ಇದಕ್ಕೆ ಅನುಮಾನವೇ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನ ಒಂದನೇ ಗುಂಪಲ್ಲಿ, ಅಂದ್ರೆ ಮನುಷ್ಯರಿಗೆ ಕ್ಯಾನ್ಸರ್ ತರೋದು ಖಾತ್ರಿ ಅನ್ನೋ ಗುಂಪಲ್ಲಿ, ಇಟ್ಟಿದೆ. ಪತ್ತೆ ಆಗಿದ್ದು 1960ರಲ್ಲಿ, ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನ ಕಡಲೆಕಾಯಿ ಹಿಂಡಿ ತಿಂದು 1 ಲಕ್ಷ ಟರ್ಕಿ ಕೋಳಿ ಸತ್ತಾಗ. ಇದರಲ್ಲಿ ವಿಷ ಇರೋದು ಕೂಮರಿನ್ ಭಾಗಕ್ಕಿಂತ ಪಕ್ಕದಲ್ಲಿ ಅಂಟಿರೋ ಫ್ಯೂರಾನ್ ಉಂಗುರದಲ್ಲಿ, ಲಿವರ್ ಅದನ್ನ ಬದಲಾಯಿಸಿದಾಗ ಅದು ಹೋಗಿ ಡಿಎನ್‌ಎಗೇ ಅಂಟ್ಕೊಳ್ಳುತ್ತೆ.

ನಮ್ಮ ಕಡೆ ಕೊನೆ ಹಂತದಲ್ಲಿ ಮಳೆ ಕೈಕೊಟ್ಟು ಭೂಮಿ ಕಾದಾಗ ಕಾಯಿಗೆ ಈ ಬೂಷ್ಟು ಹೊಲದಲ್ಲೇ ಹತ್ತುತ್ತೆ, ಕಿತ್ತ ಮೇಲೆ ಹಸಿ ಹಸಿಯಾಗೇ ಗುಡ್ಡೆ ಹಾಕಿದ್ರೆ ಇನ್ನೂ ಹೆಚ್ಚುತ್ತೆ. ಕಾಯಿ ಕಿವಿ ಹತ್ರ ಅಲ್ಲಾಡಿಸಿದ್ರೆ ಬೀಜ ಗಲಗಲ ಅನ್ನೋ ತನಕ ಒಣಗಿಸಿ. ಸುಕ್ಕಾಗಿರೋದು, ಹಸಿರು-ಹಳದಿ ಪುಡಿ ಕೂತಿರೋದು, ಕಹಿ ಬರೋದು ಎಸೀರಿ, ಹುರಿದ್ರೆ ಹೋಗುತ್ತೆ ಅಂದ್ಕೋಬೇಡಿ, ಪೂರ್ತಿ ಹೋಗಲ್ಲ. "ದನಕ್ಕೆ ಹಾಕಿದ್ರಾಯ್ತು" ಅನ್ನೋರಿಗೆ: ಹಿಂಡಿಯಲ್ಲಿದ್ದ ವಿಷ ರೂಪ ಬದಲಾಯಿಸ್ಕೊಂಡು ಹಾಲಲ್ಲಿ ವಾಪಸ್ ಬರುತ್ತೆ, ಡೇರಿಗೆ ಹಾಕೋದೂ ಅದೇ, ಮಕ್ಕಳು ಕುಡಿಯೋದೂ ಅದೇ. ಗಾಣದೆಣ್ಣೆ ಒಳ್ಳೇದು ಅಂತ ಈಗ ಎಲ್ಲರೂ ಗಾಣಕ್ಕೇ ಹೋಗ್ತಾರೆ, ಹೋಗ್ಲಿ, ಆದ್ರೆ ಅಲ್ಲಿ ರಿಫೈನ್ ಇಲ್ಲ, ಬೀಜ ಆರಿಸಿ ಹಾಕ್ಬೇಕು. ಕ್ಯಾನ್ಸರ್ ವಿಚಾರಕ್ಕೆ ಕೂಮರಿನ್ ಬಗ್ಗೆ ನಮ್ಮ ಜಿಲ್ಲೆಯವರು ಒಂದೇ ಒಂದು ಕೆಲಸ ಮಾಡ್ಬೋದು ಅಂದ್ರೆ ಅದು ಇದು, ಬಿಲ್ವ ಕಷಾಯ ಅಲ್ಲ.

ಈಗ ಕ್ಯಾನ್ಸರ್ ಇರೋರು ಏನ್ಮಾಡ್ಬೇಕು? ಕೂಮರಿನ್ ಔಷಧಿ ಎಲ್ಲಿ ಸಿಗುತ್ತೆ?

ಹುಡುಕ್ಬೇಡಿ. ಕಿದ್ವಾಯಿಗೋ ನಿಮ್ಮ ಕ್ಯಾನ್ಸರ್ ಡಾಕ್ಟ್ರ ಹತ್ರಕ್ಕೋ ಹೋಗಿ, ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದ ತನಕ ಆಗುತ್ತೆ, ರೇಷನ್ ಕಾರ್ಡು, ಆಧಾರು ಕೈಯಲ್ಲಿಟ್ಕೊಂಡೇ ಹೋಗಿ. ಅಂಡಾಶಯದ ಆ ಅಪರೂಪದ ಜಾತಿ ಅಂತ ಬಯಾಪ್ಸಿ ರಿಪೋರ್ಟಲ್ಲಿ ಇದ್ರೆ ಮಾತ್ರ "ಕೆ-ರಾಸ್ ಟೆಸ್ಟ್ ಮಾಡಿಸ್ಬೇಕಾ ಡಾಕ್ಟ್ರೇ" ಅಂತ ಕೇಳಿ.

ಎಂಎಸ್ಸಿ ಪ್ರಾಜೆಕ್ಟ್‌ಗೆ ಕೂಮರಿನ್ ತಗೋಬೋದಾ ಸಾರ್?

ತಗೊಳ್ಳಿ, ಖರ್ಚು ಕಮ್ಮಿ. ರಿಸಾರ್ಸಿನಾಲ್, ಈಥೈಲ್ ಅಸಿಟೋ ಅಸಿಟೇಟ್, ತಣ್ಣಗಿರೋ ಗಟ್ಟಿ ಸಲ್ಫ್ಯೂರಿಕ್ ಆಸಿಡ್, ಅಷ್ಟೆ, ಪೆಕ್ಮನ್ 1883ರಲ್ಲಿ ತೋರಿಸ್ಕೊಟ್ಟ ದಾರಿ. ಆಸಿಡ್‌ಗೆ ಹನಿ ಹನಿಯಾಗಿ ಬಿಡಿ, ಬಿಸಿ ಏರಿಸ್ಬೇಡಿ, ಕೆಂಪಗೆ ಮಂದವಾಗಿ ಆದ್ಮೇಲೆ ಪುಡಿ ಐಸ್ ಮೇಲೆ ಸುರೀರಿ, ಕೂಮರಿನ್ ಜಾತಿಯ ಒಂದು ಪದಾರ್ಥ ಮೊಸರು ಒಡೆದಂಗೆ ಬೆಳ್ಳಗೆ ಬೀಳುತ್ತೆ. ಸೋಸಿ ಆಲ್ಕೋಹಾಲ್‌ನಲ್ಲಿ ಮತ್ತೆ ಹರಳು ಮಾಡಿದ್ರೆ 185 ಡಿಗ್ರಿ ಹತ್ರ ಕರಗೋ ಸೂಜಿ ಸೂಜಿ ಹರಳು, ಯುವಿ ದೀಪ ಹಿಡಿದ್ರೆ ನೀಲಿಯಾಗಿ ಹೊಳೆಯುತ್ತೆ, ಎಷ್ಟು ವರ್ಷ ನೋಡಿದ್ರೂ ನನಗೆ ಸಾಕಾಗಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರು ದಶಕಗಳಿಂದ ಈ ಕೂಮರಿನ್ ಕೆಲಸ ಮಾಡಿದ್ದಾರೆ, ಅವರ ಪೇಪರ್‌ಗಳನ್ನ ಮೊದಲು ಓದಿ, ಅವರು ಮಾಡಿದ್ದನ್ನೇ ಮತ್ತೆ ಮಾಡ್ಬೇಡಿ.

ಆದ್ರೆ ಎಂಟಿಟಿ ಮಾಡೋವಾಗ ಹುಷಾರು, ಅಣುವಿಗೇ ಬಣ್ಣ ಇದ್ರೆ, ಇಲ್ಲಾ ಎಂಟಿಟಿ ಜೊತೆ ತಾನೇ ರಿಯಾಕ್ಟ್ ಆದ್ರೆ ರೀಡಿಂಗ್ ಸುಳ್ಳು ಹೇಳುತ್ತೆ. ಸೆಲ್ ಇಲ್ದೆ ಬರೀ ನಿಮ್ಮ ಅಣು ಇರೋ ಗುಣಿ, ಬರೀ ಡಿಎಂಎಸ್‌ಒ ಇರೋ ಗುಣಿ, ಡಾಕ್ಸೊರುಬಿಸಿನ್ ಅನ್ನೋ ಕೀಮೋ ಔಷಧಿ ಇರೋ ಗುಣಿ, ಒಂದು ನಾರ್ಮಲ್ ಸೆಲ್ ಪ್ಲೇಟು, ಇವು ನಾಲ್ಕೂ ಇರ್ಲಿ. ಕಂಪ್ಯೂಟರ್‌ನಲ್ಲಿ ಡಾಕಿಂಗ್, ಅಂದ್ರೆ ಅಣು ಪ್ರೋಟೀನ್‌ಗೆ ಹೇಗೆ ಕೂರುತ್ತೆ ಅನ್ನೋ ಲೆಕ್ಕ, ಮಾಡಿ ಬಣ್ಣ ಬಣ್ಣದ ಚಿತ್ರ ಹಾಕಿ "ಕ್ಯಾನ್ಸರ್ ವಿರೋಧಿ" ಅಂತ ಟೈಟಲ್ ಕೊಡೋ ಆಸೆ ಎಲ್ಲರಿಗೂ ಬರುತ್ತೆ, ಆ ನಾಲ್ಕರ ರೀಡಿಂಗ್ ಬರೋ ತನಕ ಟೈಟಲ್ ಖಾಲಿ ಬಿಡಿ.